ಪರದೆಗೊಂದು ಬಿಡುವು

ಮೊಬೈಲ್ ಇಲ್ಲದೆ ಬದುಕು ಸಾಗದು. ಮೊಬೈಲೇ ಬದುಕಾದರೂ ಸಾಗದು. ಕಣ್ಣಿಗೆ ಇಪ್ಪತ್ತು ಸೆಕೆಂಡ್, ಕೆಲಸದ ನಡುವೆ ಐದು ನಿಮಿಷ, ಮನೆಮಂದಿಯೆಲ್ಲ ಸೇರಿ ಒಂದೂವರೆ ಗಂಟೆ ಪರದೆ ಆರಿಸಿದರೆ ಸಾಕು, ದೇಹ ಮತ್ತು ಮನಸ್ಸು ಸುಧಾರಿಸಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ವನವಾಸ ಹೋಗುವುದಕ್ಕಿಂತ ದಿನವೂ ಸಿಗುವ ಸಣ್ಣ ಬಿಡುವೇ ಮೇಲು.

ಸಂಜೆ ಏಳು ಗಂಟೆ. ಊರ ದೇವಸ್ಥಾನದ ಸೈರನ್ ಒಮ್ಮೆ ದೀರ್ಘವಾಗಿ ಕೂಗುತ್ತದೆ. ಧಾರಾವಾಹಿಯ ಅತ್ತೆ ಮಾತು ಮುಗಿಸುವ ಮೊದಲೇ ಟಿ.ವಿ. ಆಫ್ ಆಗುತ್ತದೆ. ಮೊಬೈಲ್‌ಗಳು ಕೈಯಿಂದ ಇಳಿಯುತ್ತವೆ. ಮಕ್ಕಳು ಪಾಟಿಚೀಲ ಬಿಚ್ಚುತ್ತಾರೆ. ಎಂಟೂವರೆಗೆ ಸೈರನ್ ಮತ್ತೆ ಕೂಗುವ ತನಕ ಊರಿಗೆ ಊರೇ ಪರದೆಯಿಂದ ದೂರ.

ಇದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್. ಕಬ್ಬು ಬೆಳೆಯುವ ಸೀಮೆಯ, ಸುಮಾರು 3,000 ಜನರ ಹಳ್ಳಿ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲ್, ಶಾಲೆ ತೆರೆದ ಮೇಲೂ ಕೈ ಬಿಡಲಿಲ್ಲ. ಮನೆಗೆ ಬಂದ ಮಕ್ಕಳು ಆಟದಲ್ಲಿ ಮುಳುಗಿದರೆ, ದೊಡ್ಡವರು ಧಾರಾವಾಹಿಯಲ್ಲಿ ಮುಳುಗುತ್ತಿದ್ದರು. 2022ರ ಸ್ವಾತಂತ್ರ್ಯ ದಿನದ ಹೊತ್ತಿಗೆ ಗ್ರಾಮದ ಮಹಿಳೆಯರ ಸಭೆ ಕೂಡಿತು. ಸೈರನ್ ಖರೀದಿಸುವ ತೀರ್ಮಾನವಾಯಿತು.

ಆರಂಭದಲ್ಲಿ ನಕ್ಕವರೂ ಇದ್ದರು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ನಿಧಾನವಾಗಿ ಊರು ಒಗ್ಗಿಕೊಂಡಿತು. ಗಡಿಯ ಈಚೆ, ಬೆಳಗಾವಿ ಸಮೀಪದ ಹಲಗಾದಲ್ಲೂ ಇಂಥದೇ ಸಂಜೆಯ ಸೈರನ್ ಪದ್ಧತಿ ಬಂದಿದೆ.

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಈ ಸೈರನ್ನಿನ ನೆನಪು ಅನೇಕ ಮನೆಗಳಿಗೆ ಬರುತ್ತದೆ. ಹೊರಗೆ ಬಿಸಿಲು, ಒಳಗೆ ವೈಫೈ. ಆದರೆ ಮೊಬೈಲ್ ಕಿತ್ತಿಟ್ಟು ಕೈ ತೊಳೆದುಕೊಳ್ಳುವ ದಾರಿ ಈಗ ಮುಚ್ಚಿಹೋಗಿದೆ. ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್. ಶಾಲೆಯ ಸೂಚನೆ ವಾಟ್ಸ್‌ಆ್ಯಪ್‌ನಲ್ಲಿ. ಬ್ಯಾಂಕ್, ಬಸ್ ಟಿಕೆಟ್, ಪಹಣಿ ಎಲ್ಲವೂ ಅಂಗೈಯಲ್ಲಿ. ಹಾಗಾಗಿ ಉಳಿಯುವುದು ಒಂದೇ ಪ್ರಶ್ನೆ: ಎಷ್ಟು ಹೊತ್ತಿಗೊಮ್ಮೆ, ಎಷ್ಟು ಹೊತ್ತು, ಹೇಗೆ ಬಿಡುವು ಪಡೆಯಬೇಕು?

ಮಜ್ಜಿಗೆ ಬಾರದ ಪಂಕ್ತಿ

ದಿನಪತ್ರಿಕೆಗೆ ಕೊನೆಯ ಪುಟವಿದೆ. ಸಿನಿಮಾಕ್ಕೆ ‘ಶುಭಂ’ ಇದೆ. ಪಂಕ್ತಿ ಊಟದಲ್ಲಿ ಮಜ್ಜಿಗೆ ಬಂತೆಂದರೆ ಎಲೆ ಮಡಚುವ ಹೊತ್ತಾಯಿತೆಂದು ಯಾರೂ ಹೇಳಬೇಕಿಲ್ಲ. ಮೊಬೈಲ್ ಬಡಿಸುವ ಪಂಕ್ತಿಯಲ್ಲಿ ಆ ಮಜ್ಜಿಗೆ ಬರುವುದೇ ಇಲ್ಲ.

ಅದು ಆಕಸ್ಮಿಕವಾಗಿ ಆದದ್ದಲ್ಲ. 2006ರಲ್ಲಿ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್ ‘ಇನ್ಫಿನಿಟ್ ಸ್ಕ್ರಾಲ್’ ರೂಪಿಸಿದರು. ಅಲ್ಲಿಯ ತನಕ ಪುಟದ ಕೆಳಗೆ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವ ಆ ಒಂದು ಕ್ಷಣದಲ್ಲಿ ‘ಸಾಕು’ ಅನ್ನಿಸಲು ಅವಕಾಶವಿತ್ತು. ಹೊಸ ವಿನ್ಯಾಸದಲ್ಲಿ ಆ ಕ್ಷಣ ಇಲ್ಲವಾಯಿತು. ಬೆರಳು ಸರಿಸಿದಷ್ಟೂ ಪುಟ ಬೆಳೆಯುತ್ತಲೇ ಹೋಯಿತು. ಓದುಗರ ಶ್ರಮ ಉಳಿಸಲೆಂದು ಮಾಡಿದ ಕೆಲಸ ಜನರ ಸಮಯ ನುಂಗಿದ ಬಗ್ಗೆ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು.

2012ರಲ್ಲಿ ನೆಟ್‌ಫ್ಲಿಕ್ಸ್, ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿ ಶುರುವಾಗುವ ವ್ಯವಸ್ಥೆ ತಂದಿತು. 2015ರಲ್ಲಿ ಯೂಟ್ಯೂಬ್‌ನಲ್ಲೂ ಆಟೊಪ್ಲೇ ಬಂತು. ನೋಡಲು ಒಂದು ನಿರ್ಧಾರ ಬೇಕಿದ್ದ ಕಾಲ ಹೋಗಿ, ನಿಲ್ಲಿಸಲು ನಿರ್ಧಾರ ಬೇಕಾದ ಕಾಲ ಬಂತು.

ಇದರ ಜತೆಗೆ ಅನಿಶ್ಚಿತತೆಯ ಸೆಳೆತ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಕ್ಕರೆ ಪಾರಿವಾಳ ಹಸಿದಾಗಷ್ಟೇ ಕುಕ್ಕುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಹತ್ತು ನೀರಸ ರೀಲ್ಸ್‌ಗಳ ನಂತರ ಹನ್ನೊಂದನೆಯದು ನಗಿಸುತ್ತದೆ. ಹೆಬ್ಬೆರಳು ಹನ್ನೆರಡನೆಯದಕ್ಕೆ ಸರಿಯಲು ಅಷ್ಟೇ ಸಾಕು.

ಆದ್ದರಿಂದ ‘ಮನಸ್ಸು ಗಟ್ಟಿಯಿಲ್ಲ’ ಎಂದು ಮೊಬೈಲ್ ಹಿಡಿದವರನ್ನಷ್ಟೇ ದೂರುವುದು ಅರ್ಧ ಸತ್ಯ. ಪರದೆಯಿಂದ ತೆಗೆದುಹಾಕಿದ ನಿಲುಗಡೆಗಳನ್ನು ಹೊರಗಿನಿಂದ ಮತ್ತೆ ತಂದು ಕೂರಿಸುವುದೇ ಬಿಡುವಿನ ನಿಜವಾದ ಕೆಲಸ. ವಡಗಾಂವ್‌ನ ಸೈರನ್ ಮಾಡಿದ್ದೂ ಅದನ್ನೇ.

ಮಿಟುಕಿಸಲು ಮರೆಯುವ ಕಣ್ಣು

ಪರದೆಯ ದಣಿವು ಮೊದಲು ಕಾಣಿಸುವುದು ಕಣ್ಣಿನಲ್ಲಿ. ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತಾರೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕಡಿಮೆಯಾಗುವುದುಂಟು. ಬಡಿದರೂ ಪೂರ್ತಿ ಮುಚ್ಚದೆ ಅರೆಬರೆಯಾಗಿ ಬಡಿಯುತ್ತದೆ. ಪ್ರತಿ ಮಿಟುಕಿನಲ್ಲೂ ಕಣ್ಣಿನ ಮೇಲೆ ಹರಡಬೇಕಾದ ತೆಳು ಕಣ್ಣೀರಿನ ಪದರ ಒಣಗುತ್ತದೆ. ಉರಿ, ಕೆಂಪು, ಮರಳು ಬಿದ್ದ ಅನುಭವ ಎಲ್ಲ ಅಲ್ಲಿಂದಲೇ.

ಇನ್ನೊಂದು ಶ್ರಮ ಕಣ್ಣಿನೊಳಗಿನದು. ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣಬೇಕಾದರೆ ಒಳಗಿನ ಪುಟ್ಟ ಸ್ನಾಯು ಬಿಗಿಯಾಗಿ ಮಸೂರದ ಆಕಾರ ಬದಲಿಸಬೇಕು. ಒಂದಡಿ ದೂರದ ಮೊಬೈಲನ್ನು ಗಂಟೆಗಟ್ಟಲೆ ನೋಡಿದರೆ ಆ ಸ್ನಾಯುವಿಗೆ ಅಷ್ಟೂ ಹೊತ್ತು ಬಿಡುಗಡೆಯಿಲ್ಲ. ಕಿಟಕಿಯಾಚೆಯ ತೆಂಗಿನಮರ ನೋಡಿದಾಗ ಅದು ಸಡಿಲವಾಗುತ್ತದೆ. ಕ್ಯಾಲಿಫೋರ್ನಿಯಾದ ದೃಷ್ಟಿತಜ್ಞ ಜೆಫ್ರಿ ಆನ್ಶೆಲ್ 1990ರ ದಶಕದಲ್ಲಿ ಹೇಳಿಕೊಟ್ಟ ‘20-20-20’ ಸೂತ್ರ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಸ್ಪೇನ್‌ನಲ್ಲಿ ಕಣ್ಣಿನ ತೊಂದರೆಯಿದ್ದ 29 ಕಂಪ್ಯೂಟರ್ ಬಳಕೆದಾರರಿಗೆ ಈ ಸೂತ್ರವನ್ನು ನೆನಪಿಸುವ ತಂತ್ರಾಂಶ ಕೊಟ್ಟು ಎರಡು ವಾರ ಪರೀಕ್ಷಿಸಲಾಯಿತು. ದಣಿವು ಮತ್ತು ಒಣಕಣ್ಣಿನ ಲಕ್ಷಣಗಳು ಇಳಿದವು. ನೆನಪಿಸುವುದನ್ನು ನಿಲ್ಲಿಸಿದ ವಾರದೊಳಗೆ ಆ ಲಾಭವೂ ಉಳಿಯಲಿಲ್ಲ. ಬಿಡುವು ಔಷಧಿಯಾದರೆ ಅದರ ಗುಣ ಇರುವುದು ತಪ್ಪದೆ ತೆಗೆದುಕೊಳ್ಳುವುದರಲ್ಲಿ.

> ಇಪ್ಪತ್ತರ ಮಗ್ಗಿ
>
> • ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ (ಸುಮಾರು 6 ಮೀಟರ್) ದೂರದ ವಸ್ತುವನ್ನು 20 ಸೆಕೆಂಡ್ ನೋಡಬೇಕು.
>
> • ಆ ಹೊತ್ತಿನಲ್ಲಿ ರೆಪ್ಪೆಗಳನ್ನು ಪೂರ್ತಿ ಮುಚ್ಚಿ ತೆರೆಯಬೇಕು.
>
> • ಲ್ಯಾಪ್‌ಟಾಪ್‌ನಿಂದ ಮೊಬೈಲ್‌ಗೆ ಕಣ್ಣು ಹೊರಳಿಸಿದರೆ ಅದು ಬಿಡುವಲ್ಲ.
>
> • ನೀಲಿ ಬೆಳಕು ತಡೆಯುವ ಕನ್ನಡಕ ಬಿಡುವಿಗೆ ಬದಲಿಯಲ್ಲ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವರದಿಗೆ, ಅಲ್ಪಾವಧಿಯಲ್ಲಿ ಅವು ಕಣ್ಣಿನ ದಣಿವನ್ನು ಇಳಿಸುತ್ತವೆ ಎನ್ನಲು ಆಧಾರ ಸಿಗಲಿಲ್ಲ.

ಕತ್ತಿನ ಭಾರ, ರಾತ್ರಿಯ ಬೆಳಕು

ನೆಟ್ಟಗೆ ನಿಂತಾಗ ಮನುಷ್ಯನ ತಲೆಯ ಭಾರ ಸುಮಾರು 5 ಕೆ.ಜಿ. ಮೊಬೈಲ್ ನೋಡಲು ಬಗ್ಗಿಸಿದಷ್ಟೂ ಕತ್ತಿನ ಮೇಲೆ ಬೀಳುವ ಹೊರೆ ಏರುತ್ತದೆ. ನ್ಯೂಯಾರ್ಕ್‌ನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದಂತೆ, 30 ಡಿಗ್ರಿ ಬಾಗಿದಾಗ ಆ ಹೊರೆ ಸುಮಾರು 18 ಕೆ.ಜಿ.; 60 ಡಿಗ್ರಿಗೆ ಸುಮಾರು 27 ಕೆ.ಜಿ. ಬಸ್ ಸೀಟಿನಲ್ಲಿ ಗದ್ದವನ್ನು ಎದೆಗೊತ್ತಿ ಕುಳಿತವರು ಈ ಕೊನೆಯ ಲೆಕ್ಕದ ಹತ್ತಿರದಲ್ಲೇ ಇರುತ್ತಾರೆ. ನಡುನಡುವೆ ತಲೆ ಎತ್ತಿದರೆ ಕತ್ತಿಗೂ ಬಿಡುವು.

ರಾತ್ರಿಯ ಕಥೆ ಬೇರೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು 12 ಮಂದಿಯನ್ನು ಪ್ರಯೋಗಾಲಯದಲ್ಲಿ ಇರಿಸಿ, ಮಲಗುವ ಮುನ್ನ ನಾಲ್ಕು ಗಂಟೆ ಓದಿಸಿದರು: ಕೆಲವು ರಾತ್ರಿ ಬೆಳಗುವ ಪರದೆಯಲ್ಲಿ, ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲಿ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರದೆಯಲ್ಲಿ ಓದಿದ ರಾತ್ರಿಗಳಲ್ಲಿ ನಿದ್ದೆ ಬರಲು ಸುಮಾರು ಹತ್ತು ನಿಮಿಷ ಹೆಚ್ಚು ಹಿಡಿಯಿತು. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರಿತು.

ಅದು ಪುಸ್ತಕ ಓದಿದವರ ಲೆಕ್ಕ. ಮಂಚದ ಮೇಲಿನ ಮೊಬೈಲ್‌ನಲ್ಲಿ ಬೆಳಕಿನ ಜತೆಗೆ ಕ್ರಿಕೆಟ್ ಸ್ಕೋರು, ಕಚೇರಿಯ ಮೇಲ್, ಗ್ರೂಪಿನ ಜಗಳ ಎಲ್ಲವೂ ಇರುತ್ತದೆ. ‘ಹತ್ತೇ ನಿಮಿಷ’ ಎಂದು ಮಲಗಿದಲ್ಲೇ ತೆರೆದದ್ದು ಹನ್ನೆರಡಾದರೂ ಮುಚ್ಚುವುದಿಲ್ಲ. ಮಲಗುವುದಕ್ಕೆ ಮುಂಚಿನ ಒಂದು ಗಂಟೆಯನ್ನು ಪರದೆಯಿಂದ ಬಿಡಿಸಿಕೊಳ್ಳಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಗಮನ ನಿಲ್ಲುವುದು 47 ಸೆಕೆಂಡ್

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಪ್ರಾಧ್ಯಾಪಕಿ ಗ್ಲೋರಿಯಾ ಮಾರ್ಕ್ ಎರಡು ದಶಕಗಳಿಂದ ಕಚೇರಿ ನೌಕರರ ಗಮನವನ್ನು ಅಳೆಯುತ್ತಾ ಬಂದಿದ್ದಾರೆ. 2004ರಲ್ಲಿ ಒಂದು ಪರದೆಯ ಮೇಲೆ ನೌಕರರ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. 2012ರ ಹೊತ್ತಿಗೆ ಅದು 75 ಸೆಕೆಂಡಿಗೆ ಇಳಿಯಿತು. ಇತ್ತೀಚಿನ ವರ್ಷಗಳ ಲೆಕ್ಕ ಸುಮಾರು 47 ಸೆಕೆಂಡ್.

ಮೊಬೈಲ್ ಸದ್ದು ಮಾಡಲೇಬೇಕೆಂದಿಲ್ಲ, ಹತ್ತಿರವಿದ್ದರೂ ಸಾಕು ಎನ್ನುತ್ತದೆ ಇನ್ನೊಂದು ಅಧ್ಯಯನ. ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಸುಮಾರು 800 ಮಂದಿಗೆ ಬುದ್ಧಿಗೆ ಕಸರತ್ತು ಕೊಡುವ ಪರೀಕ್ಷೆ ಇಟ್ಟರು. ಫೋನುಗಳೆಲ್ಲ ನಿಶ್ಶಬ್ದವಾಗಿದ್ದವು. ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟವರು, ಮೇಜಿನ ಮೇಲೆ ಮಗುಚಿಟ್ಟವರಿಗಿಂತ ಉತ್ತಮ ಅಂಕ ಪಡೆದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಕಂಡಿಲ್ಲ. ಆದರೂ ಓದುವ ಮಗುವಿನ ಮೇಜಿನಿಂದ ಫೋನ್ ಎತ್ತಿ ಹಾಲ್‌ನಲ್ಲಿಡಲು ಖರ್ಚೇನೂ ಇಲ್ಲ.

ಕೆಲಸದ ನಡುವಿನ ಸಣ್ಣ ಬಿಡುವಿನ ಲಾಭವೂ ಲೆಕ್ಕಕ್ಕೆ ಸಿಕ್ಕಿದೆ. ಹತ್ತು ನಿಮಿಷ ಮೀರದ ಬಿಡುವುಗಳ ಬಗ್ಗೆ ನಡೆದ ಪ್ರಯೋಗಗಳನ್ನು ರುಮೇನಿಯಾದ ಸಂಶೋಧಕರು 2022ರಲ್ಲಿ ಒಟ್ಟುಗೂಡಿಸಿದರು. ಒಟ್ಟು 2,335 ಮಂದಿಯ ಮಾಹಿತಿ. ದಣಿವು ಇಳಿದು ಚೈತನ್ಯ ಹೆಚ್ಚಿದ್ದು ಸ್ಪಷ್ಟವಾಗಿತ್ತು. ತಲೆ ಹೆಚ್ಚು ಖರ್ಚಾಗುವ ಕೆಲಸಗಳಲ್ಲಿ ಮಾತ್ರ ಹತ್ತು ನಿಮಿಷ ಸಾಲದು, ಇನ್ನಷ್ಟು ಬೇಕು ಎಂಬ ಸೂಚನೆಯೂ ಸಿಕ್ಕಿತು.

ಪೂರ್ತಿ ಉಪವಾಸವೋ, ಮಿತ ಊಟವೋ?

ಒಂದು ವಾರ ಬೆಟ್ಟದ ರೆಸಾರ್ಟಿಗೆ ಹೋಗಿ, ಬಾಗಿಲಲ್ಲೇ ಫೋನ್ ಒಪ್ಪಿಸಿ ಬರುವ ‘ಡಿಜಿಟಲ್ ಡಿಟಾಕ್ಸ್’ ಈಗ ಪ್ರವಾಸೋದ್ಯಮದ ಸರಕು. ಧಾರ್ಮಿಕ ರೂಪದಲ್ಲೂ ಅದು ಕಾಣಿಸಿಕೊಂಡಿದೆ. ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯ ಜೈನ ಸಮುದಾಯದವರು 2022ರ ಪರ್ಯೂಷಣದ ವೇಳೆ 24 ಗಂಟೆ ಮೊಬೈಲ್ ತ್ಯಜಿಸಿ ‘ಡಿಜಿಟಲ್ ಉಪವಾಸ’ ಆಚರಿಸಿದರು. ಇವೆಲ್ಲದರಿಂದ ಮನಸ್ಸಿಗೆ ಹಗುರ ಎನ್ನಿಸುವುದು ನಿಜ. ಆದರೆ ವಾಪಸ್ ಬಂದ ಮೇಲೆ?

ಜರ್ಮನಿಯ ಬೋಹುಮ್ ನಗರದ ರೂರ್ ವಿಶ್ವವಿದ್ಯಾಲಯದಲ್ಲಿ ಯೂಲಿಯಾ ಬ್ರೈಲೊವ್‌ಸ್ಕಾಯಾ ನೇತೃತ್ವದ ತಂಡ ಈ ಪ್ರಶ್ನೆಯನ್ನೇ ಹಿಡಿಯಿತು. 619 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪು ಒಂದು ವಾರ ಸ್ಮಾರ್ಟ್‌ಫೋನ್ ಮುಟ್ಟಲಿಲ್ಲ. ಎರಡನೆಯದು ದಿನಕ್ಕೆ ಒಂದು ಗಂಟೆ ಬಳಕೆ ಕಡಿಮೆ ಮಾಡಿತು. ಮೂರನೆಯದು ಎಂದಿನಂತೆಯೇ ಇತ್ತು. ಮೊದಲೆರಡು ಗುಂಪಿಗೂ ಲಾಭವಾಯಿತು. ನಾಲ್ಕು ತಿಂಗಳ ನಂತರ ನೋಡಿದಾಗ, ಪೂರ್ತಿ ಬಿಟ್ಟವರಿಗಿಂತ ಒಂದು ಗಂಟೆ ಕಡಿಮೆ ಮಾಡಿದವರಲ್ಲೇ ಅದು ಹೆಚ್ಚು ಗಟ್ಟಿಯಾಗಿ ಉಳಿದಿತ್ತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2018ರ ಪ್ರಯೋಗವೂ ಇದೇ ದಿಕ್ಕಿನದು. 143 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಪ್ರತಿಯೊಂದಕ್ಕೂ ದಿನಕ್ಕೆ ಹತ್ತೇ ನಿಮಿಷದ ಮಿತಿ ಹಾಕಲಾಯಿತು. ಮೂರು ವಾರಗಳಲ್ಲಿ ಆ ಗುಂಪಿನ ಒಂಟಿತನ ಮತ್ತು ಖಿನ್ನತೆಯ ಲಕ್ಷಣಗಳು ತಗ್ಗಿದವು.

2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 467 ಮಂದಿಯ ಫೋನ್‌ಗಳಲ್ಲಿ ಎರಡು ವಾರ ಇಂಟರ್‌ನೆಟ್ ತಡೆಯಲು ತಂತ್ರಾಂಶ ಅಳವಡಿಸಲಾಯಿತು. ಕರೆ ಮತ್ತು ಎಸ್ಎಂಎಸ್‌ಗೆ ಅಡ್ಡಿಯಿರಲಿಲ್ಲ, ಕಂಪ್ಯೂಟರ್ ಬಳಸಬಹುದಿತ್ತು. ನಿದ್ದೆ, ಜನರೊಂದಿಗೆ ಬೆರೆಯುವುದು, ಹೊರಗೆ ಓಡಾಡುವುದು ಹೆಚ್ಚಿತು. ಗಮನ ನಿಲ್ಲಿಸುವ ಶಕ್ತಿಯೂ ಸುಧಾರಿಸಿತು. ಇಲ್ಲೂ ಫೋನ್ ಕೈಯಲ್ಲೇ ಇತ್ತು. ಸದಾ ಕಿಸೆಯಲ್ಲಿ ಹರಿಯುವ ಇಂಟರ್‌ನೆಟ್ ಮಾತ್ರ ನಿಂತಿತ್ತು.

ಭಾರತೀಯ ಬಳಕೆದಾರರ ಮೇಲೆಯೇ ನಡೆದದ್ದು ನೋಟಿಫಿಕೇಷನ್ ಕುರಿತ ಅಧ್ಯಯನ. 2019ರಲ್ಲಿ ಪ್ರಕಟವಾದ ಇದರಲ್ಲಿ 237 ಮಂದಿ ಎರಡು ವಾರ ಭಾಗವಹಿಸಿದ್ದರು. ನೋಟಿಫಿಕೇಷನ್‌ಗಳನ್ನು ದಿನಕ್ಕೆ ಮೂರು ಕಂತಿನಲ್ಲಿ ಒಟ್ಟಿಗೆ ಪಡೆದವರ ಮನಸ್ಸು ಹಗುರವಾಯಿತು, ಕೆಲಸ ಸಾಗಿತು. ಒಂದೂ ಬಾರದಂತೆ ಮಾಡಿಕೊಂಡವರಲ್ಲಿ ಮಾತ್ರ ‘ಏನು ತಪ್ಪಿಹೋಯಿತೋ’ ಎಂಬ ಕಳವಳವೇ ಹೆಚ್ಚಿತು.

ಎಲ್ಲವನ್ನೂ ಜೋಡಿಸಿ ನೋಡಿದರೆ ಕಾಣುವುದು ಇಷ್ಟು: ಪೂರ್ತಿ ಕತ್ತರಿಸಿಕೊಂಡರೆ ಕಳವಳ, ಕಟ್ಟಿಲ್ಲದೆ ಬಿಟ್ಟರೆ ದಣಿವು. ಗೊತ್ತಾದ ಹೊತ್ತಿಗೆ, ಗೊತ್ತಾದಷ್ಟು ಬಿಡುವು ಸಿಕ್ಕರೆ ಎರಡೂ ಹತೋಟಿಗೆ ಬರುತ್ತವೆ.

ಸೆಕೆಂಡಿನಿಂದ ದಿನದವರೆಗೆ

ಬಿಡುವಿಗೆ ಬೇರೆ ಬೇರೆ ಅಳತೆಗಳಿವೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಸೆಕೆಂಡುಗಳ ಬಿಡುವು ಕಣ್ಣಿಗೆ. ನಿಮಿಷಗಳ ಬಿಡುವು ಬೆನ್ನಿಗೆ ಮತ್ತು ತಲೆಗೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ ‘ಪೊಮೊದೊರೊ’ ಪದ್ಧತಿ ಇಲ್ಲಿ ಜನಪ್ರಿಯ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಆ ಐದು ನಿಮಿಷವನ್ನು ರೀಲ್ಸ್‌ಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಎದ್ದು ನೀರು ಕುಡಿಯುವುದು, ಬಾಲ್ಕನಿಯ ತುಳಸಿಗೆ ನೀರೆರೆಯುವುದು, ಮೆಟ್ಟಿಲು ಇಳಿದು ಹತ್ತುವುದು ನಿಜವಾದ ಬಿಡುವು.

ಗಂಟೆಗಳ ಬಿಡುವು ಮನೆಗೆ. ಇದು ನಿಲ್ಲುವುದು ಹೊತ್ತು ಮತ್ತು ಜಾಗ ಎರಡನ್ನೂ ಕಟ್ಟಿದಾಗ. ‘ಇನ್ನು ಕಡಿಮೆ ನೋಡಬೇಕು’ ಎಂಬ ಸಂಕಲ್ಪ ಸಂಜೆಯೊಳಗೆ ಕರಗುತ್ತದೆ. ‘ಊಟದ ತಟ್ಟೆ ಇಟ್ಟಲ್ಲಿ ಫೋನ್ ಇಲ್ಲ’ ಎಂಬ ನಿಯಮ ಉಳಿಯುತ್ತದೆ. ಚಾರ್ಜರ್ ಇರಬೇಕಾದದ್ದು ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಲ್ಲ. ಅಲಾರಂ ನೆಪದಲ್ಲಿ ದಿಂಬಿನ ಪಕ್ಕ ಸೇರುವ ಫೋನನ್ನು ಹೊರಗಿಡಲು ಒಂದು ಹಳೆಯ ಮಾದರಿಯ ಅಲಾರಂ ಗಡಿಯಾರ ಸಾಕು.

ಇಡೀ ಮನೆ ಒಟ್ಟಿಗೆ ಆರಿಸುವುದು ಮುಖ್ಯ. ಅಪ್ಪ ಸ್ಟೇಟಸ್ ನೋಡುತ್ತಾ ಮಗನಿಗೆ ‘ಓದು’ ಎಂದರೆ ಆ ಮಾತು ಮೊಬೈಲ್‌ನ ಸದ್ದಿನಲ್ಲೇ ಮುಳುಗುತ್ತದೆ. ಊರಿಗೆಲ್ಲ ಒಂದೇ ಹೊತ್ತು ಎಂದಾದಾಗ ‘ಅವನಿಗಿದೆ, ನನಗ್ಯಾಕಿಲ್ಲ’ ಎಂಬ ತಕರಾರಿಗೆ ಜಾಗವಿರುವುದಿಲ್ಲ.

ಖಾಲಿಯಾದ ಹೊತ್ತಿಗೆ ಏನನ್ನಾದರೂ ತುಂಬಬೇಕು. ಚೌಕಾಬಾರ, ಅಳಗುಳಿಮಣೆ, ಕೇರಂ, ಗ್ರಂಥಾಲಯದ ಪುಸ್ತಕ, ಹಪ್ಪಳ-ಸಂಡಿಗೆಗೆ ಕೈಜೋಡಿಸುವುದು, ಸಂಜೆಯ ಒಂದು ಸುತ್ತು ನಡಿಗೆ. ಮೊದಲ ಕೆಲವು ದಿನ ‘ಬೋರ್’ ಎಂಬ ಗೊಣಗಾಟ ಬಂದೇ ಬರುತ್ತದೆ. ಅದನ್ನು ದಾಟಿದ ಮೇಲಷ್ಟೇ ಆಟ ಶುರುವಾಗುತ್ತದೆ.

> ಮಕ್ಕಳಿಗೆ ಎಷ್ಟು?
>
> • 2 ವರ್ಷದೊಳಗೆ: ಪರದೆ ಬೇಡ. ದೂರದಲ್ಲಿರುವ ಬಂಧುಗಳೊಂದಿಗೆ ವಿಡಿಯೊ ಕರೆಗೆ ಮಾತ್ರ ವಿನಾಯಿತಿ.
>
> • 2ರಿಂದ 5 ವರ್ಷ: ದಿನಕ್ಕೆ ಒಂದು ಗಂಟೆ ಮೀರಬಾರದು, ದೊಡ್ಡವರು ಜತೆಗಿರಬೇಕು.
>
> • 5ರಿಂದ 10 ವರ್ಷ: ದಿನಕ್ಕೆ ಎರಡು ಗಂಟೆಗಿಂತ ಕಡಿಮೆ. ಕಡಿಮೆಯಾದಷ್ಟೂ ಒಳ್ಳೆಯದು.
>
> (ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ)

ಬಿಸಿಲಿಗಿದೆ ಕೆಲಸ

ಮಕ್ಕಳ ವಿಷಯದಲ್ಲಿ ಬಿಡುವಿನ ಹೊತ್ತು ಎಲ್ಲಿ ಕಳೆಯುತ್ತದೆ ಎಂಬುದಕ್ಕೂ ಬೆಲೆಯಿದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಸಾಕ್ಷಿ. ಆರು ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಬಯಲಿನ ತರಗತಿ ಹೆಚ್ಚುವರಿಯಾಗಿ ಸಿಕ್ಕಿತು. ಮೂರು ವರ್ಷಗಳ ನಂತರ ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30.4. ಉಳಿದ ಶಾಲೆಗಳಲ್ಲಿ ಶೇ 39.5.

ಹೊರಗಿನ ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಬಿಡುಗಡೆ ಮಾಡುವ ಡೋಪಮಿನ್, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಇದಕ್ಕೆ ಮುಖ್ಯ ವಿವರಣೆ. ತೈವಾನ್ 2010ರಿಂದ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರುವಂತೆ ಕಾರ್ಯಕ್ರಮ ರೂಪಿಸಿತು. ದೃಷ್ಟಿ ಕುಂದಿದ ಪ್ರಾಥಮಿಕ ಶಾಲಾ ಮಕ್ಕಳ ಪ್ರಮಾಣ 2011ರಲ್ಲಿ ಶೇ 50 ಇದ್ದದ್ದು 2015ಕ್ಕೆ ಶೇ 46.1ಕ್ಕೆ ಇಳಿಯಿತು.

ನಮ್ಮ ಬೇಸಿಗೆಯ ಮಧ್ಯಾಹ್ನ ಇದಕ್ಕೆ ಒಗ್ಗದು. ಬೆಳಗಿನ ಎಂಟರೊಳಗೆ, ಸಂಜೆ ಐದರ ನಂತರ ಮೈದಾನ ಖಾಲಿಯಿರುತ್ತದೆ. ಮರದ ನೆರಳಿನ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು.

ಕಚೇರಿಗೂ ಕಾನೂನಿಗೂ ಬಂದ ಬಿಡುವು

ದೊಡ್ಡವರ ಪರದೆ ಹೊತ್ತಿನ ಬಹುಪಾಲು ಹೊಟ್ಟೆಪಾಡಿನದು. ಅಲ್ಲಿ ಬಿಡುವು ಸ್ವಂತ ಸಂಕಲ್ಪಕ್ಕಿಂತ ಕಚೇರಿಯ ನಿಯಮಕ್ಕೆ ಸೇರಿದ ವಿಚಾರ. ಯುರೋಪಿನ ದೇಶಗಳು ಇದನ್ನು 1990ರಲ್ಲೇ ಗುರುತಿಸಿ, ಪರದೆಯ ಮುಂದೆ ಕೂರುವ ನೌಕರರಿಗೆ ನಡುನಡುವೆ ವಿರಾಮ ಅಥವಾ ಬೇರೆ ಕೆಲಸ ಕೊಡಬೇಕೆಂದು ನಿರ್ದೇಶನ ಹೊರಡಿಸಿದವು. ಬ್ರಿಟನ್‌ನಲ್ಲಿ 1992ರ ನಿಯಮಾವಳಿ ಬಂತು. ಎರಡು ಗಂಟೆಗೊಮ್ಮೆ 20 ನಿಮಿಷ ಬಿಡುವಿಗಿಂತ ಗಂಟೆಗೊಮ್ಮೆ 5ರಿಂದ 10 ನಿಮಿಷದ ಬಿಡುವು ಉತ್ತಮ ಎನ್ನುತ್ತದೆ ಅಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಸಲಹೆ.

ಕಚೇರಿ ಮುಗಿದ ಮೇಲೂ ಮುಗಿಯದ ಮೇಲ್‌ಗಳ ಕಾಟಕ್ಕೆ ಫ್ರಾನ್ಸ್ 2017ರ ಜನವರಿ 1ರಿಂದ ‘ಸಂಪರ್ಕ ಕಡಿದುಕೊಳ್ಳುವ ಹಕ್ಕು’ ಜಾರಿಗೆ ತಂದಿತು. 50ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಈ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಲೇಬೇಕು. ಆಸ್ಟ್ರೇಲಿಯಾದಲ್ಲಿ ಇಂಥದೇ ಹಕ್ಕು 2024ರ ಆಗಸ್ಟ್‌ನಲ್ಲಿ ಬಂತು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಹೊಂದಿಸಿಕೊಂಡ ಬೆಂಗಳೂರಿನ ಐ.ಟಿ. ನೌಕರರಿಗೆ ಈ ಚರ್ಚೆ ದೂರದ್ದೇನಲ್ಲ.

ಜಪಾನಿನ ಟೊಯೊಅಕೆ ನಗರ 2025ರ ಅಕ್ಟೋಬರ್‌ನಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಕೆಲಸ ಮತ್ತು ಓದು ಬಿಟ್ಟು ದಿನಕ್ಕೆ ಎರಡು ಗಂಟೆಯಷ್ಟೇ ಸ್ಮಾರ್ಟ್‌ಫೋನ್ ಬಳಸಿ ಎಂದು ನಗರದ ನಿವಾಸಿಗಳಿಗೆಲ್ಲ ಹೇಳುವ ಸ್ಥಳೀಯ ಶಾಸನ ಅದು. ಮೀರಿದರೆ ದಂಡವಿಲ್ಲ. ವಡಗಾಂವ್‌ನ ಸೈರನ್ನಿಗೂ ಟೊಯೊಅಕೆಯ ಶಾಸನಕ್ಕೂ ಇರುವ ಬಲ ಒಂದೇ: ಎಲ್ಲರೂ ಸೇರಿ ಒಪ್ಪಿಕೊಂಡ ಮಿತಿ.

ಬಿಡುವಷ್ಟೇ ಸಾಲದಾದಾಗ

ಹೆಚ್ಚು ನೋಡುವವರೆಲ್ಲ ವ್ಯಸನಿಗಳಲ್ಲ. ಆದರೆ ಕೆಲವರಿಗೆ ಸೈರನ್, ಟೈಮರ್, ಅಲಾರಂ ಯಾವುದೂ ನಾಟದ ಹಂತ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಅದರ ಗುರುತುಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಊಟ-ನಿದ್ದೆ-ಓದಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣೆದುರು ಕಂಡರೂ ಮುಂದುವರಿಸುವುದು. ಸಾಮಾನ್ಯವಾಗಿ ಒಂದು ವರ್ಷ ಈ ಸ್ಥಿತಿ ಇದ್ದರೆ ಕಾಯಿಲೆ ಎನ್ನಲಾಗುತ್ತದೆ.

ದೇಶದಲ್ಲಿ ಇಂಥವರಿಗಾಗಿ ಮೊದಲು ಬಾಗಿಲು ತೆರೆದದ್ದು ಬೆಂಗಳೂರಿನ ನಿಮ್ಹಾನ್ಸ್. 2014ರಲ್ಲಿ ಆರಂಭವಾದ ಅಲ್ಲಿನ ‘ಶಟ್’ ಕ್ಲಿನಿಕ್‌ನ ಪೂರ್ಣ ಹೆಸರು ‘ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ’. ಪ್ರೊ. ಮನೋಜ್ ಕುಮಾರ್ ಶರ್ಮಾ ಅದರ ನೇತೃತ್ವ ವಹಿಸಿದ್ದಾರೆ. 2018ರಲ್ಲಿ ಕೆಲಸವಿಲ್ಲದ ಯುವಕನೊಬ್ಬ ಆರು ತಿಂಗಳಿಂದ ದಿನಕ್ಕೆ ಏಳು ಗಂಟೆಗೂ ಹೆಚ್ಚು ಹೊತ್ತು ವೆಬ್ ಸರಣಿ ನೋಡುತ್ತಿದ್ದಾನೆಂದು ಇಲ್ಲಿಗೆ ಬಂದ ಪ್ರಕರಣ ದೇಶದಾದ್ಯಂತ ಸುದ್ದಿಯಾಗಿತ್ತು. ಕೆಲಸ ಸಿಗದ ಒತ್ತಡ ಮರೆಯಲು ಹಿಡಿದ ದಾರಿ ಅದಾಗಿತ್ತು.

ಅತಿಬಳಕೆಯ ಹಿಂದೆ ಇಂಥ ಕಾರಣಗಳು ಅಡಗಿರುವುದು ಸಾಮಾನ್ಯ: ಒಂಟಿತನ, ಖಿನ್ನತೆ, ಪರೀಕ್ಷೆಯ ಭಯ, ಮನೆಯ ಜಗಳ. ಫೋನ್ ಕಿತ್ತುಕೊಂಡರೆ ಕಾರಣ ಅಲ್ಲೇ ಉಳಿಯುತ್ತದೆ, ಸಿಟ್ಟು ಮಾತ್ರ ಹೊರಬರುತ್ತದೆ. ಅದಕ್ಕೇ ಆಪ್ತಸಮಾಲೋಚನೆಯಲ್ಲಿ ಮೊದಲು ಸರಿಪಡಿಸುವುದು ನಿದ್ದೆ, ಊಟ, ಓಡಾಟದ ಹೊತ್ತುಗಳನ್ನು. ಆಮೇಲೆ ಬಳಕೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ನಡುವೆ ಬಿಡುವುಗಳನ್ನು ಕೂರಿಸಲಾಗುತ್ತದೆ. ಮನೆಯವರನ್ನೂ ಜತೆಗೆ ಕೂರಿಸಿ ಮಾತನಾಡಲಾಗುತ್ತದೆ.

ಕ್ಲಿನಿಕ್‌ನ ಹೆಸರಿನಲ್ಲಿ ಇರುವುದು ‘ಆರೋಗ್ಯಕರ ಬಳಕೆ’. ತಂತ್ರಜ್ಞಾನವನ್ನು ಪೂರ್ತಿ ಬಿಡಿಸುವ ಭರವಸೆಯನ್ನು ಅದು ಕೊಡುವುದಿಲ್ಲ. ಕರೆ, ಪಾಠ, ಉದ್ಯೋಗ, ಹಣಕಾಸು ಎಲ್ಲಕ್ಕೂ ಪರದೆ ಬೇಕಿರುವ ದಿನಗಳಲ್ಲಿ ಚಿಕಿತ್ಸೆಗೂ ಬೇರೆ ಗುರಿ ಇರಲು ಸಾಧ್ಯವಿಲ್ಲ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನ ಬಳಸುವವರ ಕೈಗೆ ಮರಳಿದರೆ ಚಿಕಿತ್ಸೆ ಫಲಿಸಿದಂತೆ.

> ನೆರವು ಬೇಕೆ?
>
> ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ-ಮನಸ್: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.